ಓಡ್ನಿಯ ಐಸ್‌ಕ್ರೀಮ್ ಡಬ್ಬಿಗಳು

ಓಡ್ನಿಯ ಮನೆಯ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಐಸ್‌ಕ್ರೀಮ್ ಕಂಡವರು ಯಾರೂ ಇರಲಿಲ್ಲ. ಮೀನಿನ ಸಾರು ಇರುತ್ತಿತ್ತು, ಎಲೆಕೋಸು ಹಾಕಿ ಬೇಯಿಸಿದ ಕುರಿಮಾಂಸ ಇರುತ್ತಿತ್ತು, ರುಬಾರ್ಬ್ ಜಾಮ್ ಇರುತ್ತಿತ್ತು, ಒಮ್ಮೊಮ್ಮೆ ಗಾಳಕ್ಕೆ ಸಿಕ್ಕಿಸುವ ಹೆರಿಂಗ್ ಮೀನಿನ ಚೂರುಗಳೂ ಇರುತ್ತಿದ್ದವು. ಖಾಲಿ ಡಬ್ಬಿಯನ್ನು ತೊಳೆದಿಟ್ಟುಕೊಂಡು ಅದರಲ್ಲಿ ಅಡುಗೆ ತುಂಬಿ ಫ್ರೀಜರಿಗೆ ಹಾಕುವುದು ಕಡಲತಡಿಯ ಊರಾದ ಹೆಲ್ಲೆಸುಂಡ್‌ನಲ್ಲಿ ಮನೆಮನೆಯ ರೂಢಿ. ಆದರೆ ಉಳಿದವರು ಮುಚ್ಚಳದ ಮೇಲೆ ಒಳಗೇನಿದೆ ಎಂದು ಬರೆದಿಡುತ್ತಾರೆ. ಓಡ್ನಿ ಬರೆಯುತ್ತಿರಲಿಲ್ಲ.

"ಒಂದು ಹೆಸರು ಬರಿಯೋಕೇನು ಕಷ್ಟ ನಿಂಗೆ?" ಎಂದು ಅವಳ ಗೆಳತಿ ಬೋರ್ಗಿಲ್ಡ್ ಕೇಳುತ್ತಿದ್ದಳು.

"ಕರಗಿದ್ಮೇಲೆ ಗೊತ್ತಾಗತ್ತಲ್ಲ. ನೀನು ಪುಸ್ತಕಾನೂ ಕೊನೇ ಪುಟದಿಂದ ಓದ್ತೀಯೇನು?"

"ನನ್ನ ಹುಟ್ಟುಹಬ್ಬಕ್ಕಾದ್ರೂ ಒಂದ್ಸಲ ಅದ್ರಲ್ಲಿ ಐಸ್‌ಕ್ರೀಮ್ ಇಡು ಮಾರಾಯ್ತಿ. ಡಬ್ಬಿಗೂ ಒಂದು ಮರ್ಯಾದೆ ಇದೆ."

"ನೋಡೋಣ" ಎನ್ನುತ್ತಿದ್ದಳು ಓಡ್ನಿ. ವರ್ಷವರ್ಷವೂ ಇದೇ ಮಾತು, ಇದೇ ಉತ್ತರ. ಮಾರ್ಚ್ ತಿಂಗಳು ಬರುತ್ತಿತ್ತು, ಬೋರ್ಗಿಲ್ಡ್ ಆಸೆಯಿಂದ ಮುಚ್ಚಳ ತೆಗೆಯುತ್ತಿದ್ದಳು, ಒಳಗೆ ಮೀನಿನ ವಡೆ.

ಓಡ್ನಿ ದುಡಿದದ್ದೆಲ್ಲ ಕಡಲಗಾಲುವೆ ದಾಟಿಸುವ ಫೆರಿ ಹಡಗಿನ ಕ್ಯಾಂಟೀನಿನಲ್ಲಿ. ಕಾಯಿಸಿದ ಕಬ್ಬಿಣದ ಹಂಚಿನ ಮುಂದೆ ನಿಂತು ಸ್ವೆಲೆ ಸುಡುವುದು ಅವಳ ಕೆಲಸ. ದಪ್ಪನೆಯ ಸಿಹಿ ದೋಸೆಯಂಥ ಸ್ವೆಲೆಗೆ ಬೆಣ್ಣೆ ಸಕ್ಕರೆ ಸವರಿ, ಅರ್ಧಕ್ಕೆ ಮಡಚಿ, ಕಾಗದದಲ್ಲಿಟ್ಟು ಕೊಡುತ್ತಾರೆ. ಆ ಕಡಲಗಾಲುವೆ ದಾಟುವವರು ಹಸಿವಿರಲಿ ಬಿಡಲಿ ಅದನ್ನು ತಿನ್ನದೆ ಇಳಿಯುವುದಿಲ್ಲ. ಬೋರ್ಗಿಲ್ಡ್ ಪುಸ್ತಕದ ದೋಣಿಯಲ್ಲಿದ್ದಳು. ಗ್ರಂಥಾಲಯವಿಲ್ಲದ ದ್ವೀಪಗಳಿಗೆಲ್ಲ ಆ ದೋಣಿ ಪುಸ್ತಕ ಹೊತ್ತು ಹೋಗುತ್ತಿತ್ತು. ಎರಡೂ ಹಡಗುಗಳು ಒಂದೇ ಧಕ್ಕೆಗೆ ಬರುತ್ತಿದ್ದವು, ಸ್ನೇಹ ಬೆಳೆದದ್ದು ಅಲ್ಲೇ. ಓಡ್ನಿ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನನ್ನೂ ಒಯ್ಯುತ್ತಿರಲಿಲ್ಲ. ವಾಪಸು ತರುವಾಗ ಹಾಳೆಹಾಳೆಗೂ ಬೆಣ್ಣೆಯ ಗುರುತು.

"ಇದ್ರಲ್ಲಿ ರಕ್ತಕ್ಕಿಂತ ಬೆಣ್ಣೆನೇ ಜಾಸ್ತಿ ಚೆಲ್ಲಿದೆ" ಎಂದು ಬೋರ್ಗಿಲ್ಡ್ ಬೈದರೆ, ಓಡ್ನಿ ಬಿಸಿ ಸ್ವೆಲೆಯೊಂದನ್ನು ಅವಳ ಕೈಗಿಟ್ಟು ಬಾಯಿ ಮುಚ್ಚಿಸುತ್ತಿದ್ದಳು.

ಇಬ್ಬರಿಗೂ ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಮನೆಗಳಲ್ಲಿದ್ದರು. ಮಧ್ಯಾಹ್ನದ ಊಟ ಓಡ್ನಿಯ ಮನೆಯಲ್ಲಿ, ಕಾಫಿ ಬೋರ್ಗಿಲ್ಡ್‌ಳ ಮನೆಯಲ್ಲಿ. ಫೆಬ್ರವರಿಯ ಒಂದು ಬೆಳಗ್ಗೆ ಓಡ್ನಿಯ ಚಿಮಣಿಯಿಂದ ಹೊಗೆ ಏಳಲಿಲ್ಲ. ಬೋರ್ಗಿಲ್ಡ್ ಹಿಮ ತುಳಿದುಕೊಂಡು ಹೋಗಿ ನೋಡಿದಾಗ, ಒಲೆಗೆ ಕಟ್ಟಿಗೆ ಒಡ್ಡಲು ಬಗ್ಗಿದವಳು ಹಾಗೇ ಒರಗಿಬಿಟ್ಟಿದ್ದಳು. ಹೃದಯ ನಿಂತಿತ್ತು ಎಂದರು ಡಾಕ್ಟರು.

ಆಮೇಲೆ ಬೋರ್ಗಿಲ್ಡ್ ಮೇಜಿಗೆ ಕೂತು ಉಣ್ಣುವುದನ್ನು ಬಿಟ್ಟಳು. ಹೊತ್ತಾದಾಗ ಒಂದು ತುಂಡು ಬ್ರೆಡ್ಡಿಗೆ ಚೀಸ್ ಹಚ್ಚಿ, ಸಿಂಕಿನ ಮುಂದೆ ನಿಂತೇ ತಿಂದು ಮುಗಿಸುತ್ತಿದ್ದಳು. ತಟ್ಟೆ ತೊಳೆಯುವ ಕೆಲಸವೂ ಇರಲಿಲ್ಲ. ಅವಳ ಹುಟ್ಟುಹಬ್ಬ ಬಂದು ಹೋದದ್ದು ಅವಳಿಗೇ ಎರಡು ದಿನ ಕಳೆದ ಮೇಲೆ ನೆನಪಾಯಿತು.

ಏಪ್ರಿಲ್‌ನಲ್ಲಿ ಓಡ್ನಿಯ ಅಕ್ಕನ ಮಗ ಸ್ವೇನುಂಗ್ ಬಂದ. ಮನೆ ಮಾರುವುದಿತ್ತು.

"ನೆಲಮಾಳಿಗೆಯಲ್ಲಿ ಫ್ರೀಜರ್ ತುಂಬ ಡಬ್ಬಿ ಇದೆ. ಕರೆಂಟ್ ತೆಗಿಸ್ಬೇಕು. ಎಸೀಲೋ, ನೀನು ತಗೊಂಡು ಹೋಗ್ತೀಯೋ?" ಎಂದು ಕೇಳಿದ.

"ಎಸೀಬೇಡ" ಎಂದಳು ಬೋರ್ಗಿಲ್ಡ್. ಹೇಳಿಬಿಟ್ಟ ಮೇಲೆ, ಅಷ್ಟನ್ನು ಎಲ್ಲಿಡುವುದು ಎಂದು ಚಿಂತೆಯಾಯಿತು. ಅವಳ ಫ್ರಿಜ್ಜಿನಲ್ಲಿ ಬಟಾಣಿಯ ಪೊಟ್ಟಣ ಇಡಲೂ ಜಾಗ ಸಾಲುತ್ತಿರಲಿಲ್ಲ. ಪಕ್ಕದ ಮನೆಯ ಹಾಲ್ವರ್ ಕೈಗಾಡಿ ತಂದು ಎಲ್ಲವನ್ನೂ ತನ್ನ ಮನೆಯ ದೊಡ್ಡ ಫ್ರೀಜರಿಗೆ ಸಾಗಿಸಿದ.

ಹಾಲ್ವರ್ ಮೀನು ಸಾಕಣೆಯವನು. ಅವನ ಹೆಂಡತಿ ಇಂಗ್ವಿಲ್ ಸಮುದ್ರದ ನಡುವಿನ ತೈಲ ತೆಗೆಯುವ ರಿಗ್ಗಿನಲ್ಲಿ ಯಂತ್ರ ನೋಡಿಕೊಳ್ಳುವವಳು. ಎರಡು ವಾರ ಅಲ್ಲಿ ಕೆಲಸ, ಆಮೇಲೆ ನಾಲ್ಕು ವಾರ ಮನೆ. ಅವರ ಮಗಳು ಸುನ್ನಿವಾಳಿಗೆ ಹತ್ತು ತಿಂಗಳು ತುಂಬಿತ್ತು. ಮಗುವನ್ನು ನೋಡಿಕೊಳ್ಳಲು ತಾಯಿಗೆ ಸಿಕ್ಕಿದ್ದ ರಜೆ ಮುಗಿಯುತ್ತ ಬಂದಿತ್ತು, ಅಪ್ಪನ ರಜೆ ಶುರುವಾಗುವುದಿತ್ತು. ಮೇ ತಿಂಗಳ ಮೊದಲ ಸೋಮವಾರ ಇಂಗ್ವಿಲ್ ಹೆಲಿಕಾಪ್ಟರ್ ಹತ್ತಬೇಕು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಸುನ್ನಿವಾ ತಾಯಿಯ ಹಾಲು ಬಿಟ್ಟು ಜಪ್ಪಯ್ಯ ಎಂದರೂ ಏನನ್ನೂ ಬಾಯಿಗಿಟ್ಟುಕೊಳ್ಳುತ್ತಿರಲಿಲ್ಲ. ಬಾಟಲಿ ಕಂಡರೆ ಬಡಿದು ಬೀಳಿಸುತ್ತಿದ್ದಳು. ಚಮಚ ಹತ್ತಿರ ಬಂದರೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು.

"ಇವ್ಳು ತಿನ್ನದೇ ಇದ್ರೆ ನಾನು ಹೋಗಲ್ಲ" ಎಂದಿದ್ದಳು ಇಂಗ್ವಿಲ್. ಹೋಗದಿದ್ದರೆ ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ ಎಂಬುದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಚಳಿಗಾಲದಲ್ಲಿ ಓಡ್ನಿ ಅವಳಿಗೆ ಮಾತು ಕೊಟ್ಟಿದ್ದಳು. "ನೀನು ಹೊರಡೋಷ್ಟರಲ್ಲಿ ನಿಮ್ಮ ಫ್ರೀಜರ್ ತುಂಬಿಸ್ಕೊಡ್ತೀನಿ. ಹಾಲ್ವರ್ ಬಿಸಿ ಮಾಡಿ ಮುಂದಿಟ್ರೆ ಸಾಕು. ತಿಂತಾಳೆ, ನೋಡ್ತಿರು." ಆಗ ಬೋರ್ಗಿಲ್ಡ್ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಳು. ಈಗ ಡಬ್ಬಿಗಳನ್ನು ಜೋಡಿಸುತ್ತಿದ್ದ ಹಾಲ್ವರ್‌ನ ಬೆನ್ನು ನೋಡುತ್ತ, ಆ ಮಾತು ಯಾರದೂ ಆಗದೆ ಉಳಿದಿದೆ ಎಂದು ಅವಳಿಗೆ ಅನ್ನಿಸಿತು.

"ನಾನು ಮಾಡ್ತೀನಿ" ಎಂದಳು.

ಹಾಲ್ವರ್ ತಿರುಗಿ ನೋಡಿದ. "ಏನನ್ನ?"

"ಮಗೂಗೆ ಅಡುಗೆ."

"ನೀನು?" ಎಂದು ಕೇಳಿ ಅವನು ಬೇಗ ತಿದ್ದಿಕೊಂಡ. "ಅಂದ್ರೆ, ತುಂಬಾ ಒಳ್ಳೇದೇ."

ಬೋರ್ಗಿಲ್ಡ್ ತನಗೆ ಗೊತ್ತಿದ್ದ ದಾರಿಯಲ್ಲೇ ಹೊರಟಳು. ಮಕ್ಕಳ ಊಟದ ಬಗ್ಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದಳು. ಕ್ಯಾರೆಟ್ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದಳು, ಜರಡಿ ಹಿಡಿದಳು, ಮಂಜುಗಡ್ಡೆಯ ಅಚ್ಚಿಗೆ ಹೊಯ್ದು ಬಿಲ್ಲೆ ಬಿಲ್ಲೆಯಾಗಿ ಹೆಪ್ಪುಗಟ್ಟಿಸಿದಳು. ಹೂಕೋಸಿನದೂ ಹಾಗೇ, ಮೀನಿನದೂ ಹಾಗೇ. ಕಿತ್ತಳೆ, ಬಿಳಿ, ಬೂದು ಬಣ್ಣದ ಬಿಲ್ಲೆಗಳು ನೋಡಲು ಬಲು ಚೆನ್ನಾಗಿದ್ದವು. ಆರೋಗ್ಯ ಕೇಂದ್ರದ ನರ್ಸ್ ಹೇಳಿದಂತೆ ಚಿಟಿಕೆ ಉಪ್ಪನ್ನೂ ಸೋಕಿಸಿರಲಿಲ್ಲ. ಎಲ್ಲರ ಊಟಕ್ಕೂ ಮೊದಲೇ, ಮನೆ ಗದ್ದಲವಿಲ್ಲದ ಹೊತ್ತಿನಲ್ಲಿ, ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೂವರೂ ಎದುರಿಗೆ ನಿಂತರು.

ಮೊದಲ ಚಮಚ ಬೋರ್ಗಿಲ್ಡ್‌ಳ ಕನ್ನಡಕದ ಮೇಲೆ ಬಂದು ಬಿತ್ತು.

"ಪುಸ್ತಕದಲ್ಲಿ ಕ್ಯಾರೆಟ್ಟಿಂದ ಶುರು ಮಾಡಿ ಅಂತಿದೆಯಲ್ಲ" ಎಂದಳು ಅವಳು ಕನ್ನಡಕ ಒರೆಸಿಕೊಳ್ಳುತ್ತ.

"ಅವ್ಳಿನ್ನೂ ಆ ಪುಸ್ತಕ ಓದಿಲ್ಲ" ಎಂದಳು ಇಂಗ್ವಿಲ್. ನಗಿಸಲು ಆಡಿದ ಮಾತು, ಆದರೆ ಅವಳೇ ನಗಲಿಲ್ಲ. ಮಗುವನ್ನೆತ್ತಿಕೊಂಡು ಹಾಲೂಡಿಸಲು ಒಳಗೆ ಹೋದಳು. ಆ ವಾರವೆಲ್ಲ ಹೀಗೇ ನಡೆಯಿತು.

ಇತ್ತ ಫ್ರೀಜರ್ ಬಿರಿಯುವಂತಿತ್ತು. ಬಿಲ್ಲೆಗಳಿಗೆ ಜಾಗ ಮಾಡಬೇಕಾದರೆ ಓಡ್ನಿಯ ಡಬ್ಬಿಗಳು ಖಾಲಿಯಾಗಬೇಕು. ಅದಕ್ಕೆ ಹಾಲ್ವರ್ ಒಂದು ಉಪಾಯ ಹೇಳಿದ. "ಬೆಳಗ್ಗೆ ಒಂದು ಡಬ್ಬಿ ತೆಗೆದು ಹೊರಗಿಡೋಣ. ಏನು ಕರಗತ್ತೋ ಅದೇ ಮಧ್ಯಾಹ್ನದ ಊಟ. ಆದ್ರೆ ಬೋರ್ಗಿಲ್ಡ್, ನೀನೂ ಬರ್ಬೇಕು. ನಿನ್ನ ಸ್ನೇಹಿತೆಯ ಡಬ್ಬಿ, ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ನಿಂದೇ."

ಬೋರ್ಗಿಲ್ಡ್‌ಗೆ ಮನಸ್ಸಿರಲಿಲ್ಲ. ಆದರೂ ಹೋದಳು. ಮೊದಲ ದಿನ ಕುರಿಮಾಂಸ ಬಂತು. ಎರಡನೆಯ ದಿನ ಮುಚ್ಚಳ ತೆಗೆದ ಹಾಲ್ವರ್ ಮೂಗು ಹಿಡಿದುಕೊಂಡ. "ಇದು ನಮಗಲ್ಲ. ಇದನ್ನ ತಿನ್ಬೇಕಾದ ಕಾಡ್ ಮೀನು ಇನ್ನೂ ನೀರಲ್ಲೇ ಇದೆ." ಗಾಳದ ಹೆರಿಂಗ್. ಆ ದಿನ ಎಲ್ಲರೂ ಮೊಟ್ಟೆ ತಿಂದರು.

ಮೂರನೆಯ ದಿನ ಮೀನಿನ ವಡೆಗಳು ಸಿಕ್ಕವು. ಹಾಲ್ವರ್ ಅವನ್ನು ಬೆಣ್ಣೆಯಲ್ಲಿ ಕೆಂಪಗೆ ಬಿಸಿ ಮಾಡಿದ. ಮಗುವಿಗೆ ಬಿಲ್ಲೆ ತಿನ್ನಿಸುವ ಅಂದಿನ ಕತೆ ಆಗಲೇ ಮುಗಿದಿತ್ತು. ಇಂಗ್ವಿಲ್ ಸೋತುಹೋಗಿ, ಸುನ್ನಿವಾಳನ್ನು ಇಳಿಸುವ ತೊಂದರೆಯೇ ಬೇಡವೆಂದು ಕುರ್ಚಿಯ ಸಮೇತ ಮೇಜಿನ ಬದಿಗೆ ಎಳೆದುಕೊಂಡಿದ್ದಳು. ಬೋರ್ಗಿಲ್ಡ್ ವಡೆಯೊಂದನ್ನು ಮುರಿದು ಬಾಯಿಗಿಟ್ಟುಕೊಂಡಳು. ಜಾಯಿಕಾಯಿಯ ಘಮ. ಅದೇ ರುಚಿ, ಸ್ವಲ್ಪವೂ ಬದಲಾಗಿರಲಿಲ್ಲ. ಅಡುಗೆ ಮಾಡಿದವಳಿಲ್ಲ, ಅಡುಗೆ ಬಿಸಿಬಿಸಿಯಾಗಿ ಮುಂದಿದೆ. ಅವಳು ಫೋರ್ಕ್ ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ ಕೂತಳು.

ಮತ್ತೆ ತಟ್ಟೆಯ ಕಡೆ ತಿರುಗಿದಾಗ ಉಳಿದರ್ಧ ವಡೆ ಅಲ್ಲಿರಲಿಲ್ಲ. ಸುನ್ನಿವಾಳ ಮುಷ್ಟಿಯಲ್ಲಿತ್ತು. ಅವಳು ಬೋರ್ಗಿಲ್ಡ್‌ಳ ಮುಖವನ್ನೇ ನೋಡುತ್ತ, ಹೊಸದಾಗಿ ಮೂಡಿದ ನಾಲ್ಕು ಹಲ್ಲುಗಳಿಂದ ಅದನ್ನು ಕಡಿದು ಜಗಿಯುತ್ತಿದ್ದಳು.

ಮಗು ನುಂಗಿತು. ಮತ್ತೆ ಕೈ ಚಾಚಿತು.

"ಅದ್ರಲ್ಲಿ ಉಪ್ಪಿದೆ" ಎಂದು ಇಂಗ್ವಿಲ್ ಪಿಸುಗುಟ್ಟಿದಳು.

"ಇವತ್ತೊಂದಿನ ಇರ್ಲಿ" ಎಂದ ಹಾಲ್ವರ್. "ಅಲ್ಲಾಡಬೇಡ್ರೀ ಯಾರೂ."

ಮರುದಿನ ಇಂಗ್ವಿಲ್ ಉಪ್ಪು ಹಾಕದೆ ಅಂಥದೇ ವಡೆ ಮಾಡಿ ಮಗುವಿನ ತಟ್ಟೆಯಲ್ಲಿಟ್ಟಳು. ಸುನ್ನಿವಾ ಅದನ್ನು ನೆಲಕ್ಕೆ ಎಸೆದಳು. ಅದೇ ವಡೆಯನ್ನು ತೊಳೆದು ಬೋರ್ಗಿಲ್ಡ್‌ಳ ತಟ್ಟೆಯಲ್ಲಿಟ್ಟರೆ ಕೈ ಚಾಚಿ ತೆಗೆದುಕೊಂಡು ತಿಂದಳು. ಆಗ ಬೋರ್ಗಿಲ್ಡ್‌ಗೆ ಫೆರಿಯ ಕ್ಯಾಂಟೀನು ಕಣ್ಣ ಮುಂದೆ ಬಂತು. ಪುಟ್ಟ ಮಕ್ಕಳಿಗೆಂದು ಯಾರಾದರೂ ಬೇರೆ ಸ್ವೆಲೆ ಕೇಳಿದರೆ ಓಡ್ನಿ ಕೊಡುತ್ತಿರಲಿಲ್ಲ. "ಸುಮ್ನೆ ದಂಡ. ಅಪ್ಪನ ಕೈಯಲ್ಲಿರೋದ್ರಿಂದ್ಲೇ ಒಂದು ಚೂರು ಮುರ್ಕೊಳ್ಳುತ್ತೆ ಬಿಡಿ" ಎನ್ನುತ್ತಿದ್ದಳು. ವ್ಯಾಪಾರ ಕೈಬಿಟ್ಟದ್ದಕ್ಕೆ ಕ್ಯಾಪ್ಟನ್ ಗೊಣಗುತ್ತಿದ್ದ. ಬೋರ್ಗಿಲ್ಡ್ ಅದನ್ನು ಎಷ್ಟೋ ಸಲ ನೋಡಿದ್ದಳು, ಅದರ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

"ಎದುರುಗಡೆ ನಿಂತು ನೋಡ್ತಾ ಇದ್ರೆ ಯಾರಿಗೆ ತಾನೆ ತಿನ್ನೋಕಾಗತ್ತೆ?" ಎಂದಳು ಅವಳು. "ನಾವು ಮೂರು ಜನ ಪೊಲೀಸ್ನೋರ ಥರ ನಿಂತಿರ್ತಿದ್ವಿ."

"ಹಾಗಾದ್ರೆ ಇನ್ಮೇಲೆ ನಾವು ಏನು ತಿಂತೀವೋ ಅದೇ ಅವ್ಳಿಗೂ" ಎಂದಳು ಇಂಗ್ವಿಲ್.

"ಅಂದ್ರೆ ಅವ್ಳೇನು ತಿನ್ಬಹುದೋ ಅದೇ ನಮಗೂ" ಎಂದ ಹಾಲ್ವರ್ ಮುಖ ಸಪ್ಪೆ ಮಾಡಿಕೊಂಡು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಉಪ್ಪಿಲ್ಲದ ಊಟ ಉಂಡರು. ಉಪ್ಪಿನ ಡಬ್ಬಿ ಮೇಜಿನ ಕೆಳಗೆ ಕೈಯಿಂದ ಕೈಗೆ ದಾಟುತ್ತಿತ್ತು. ಸುನ್ನಿವಾ ಬಗ್ಗಿ ಅದನ್ನೂ ನೋಡುತ್ತಿದ್ದಳು.

"ಗಾಳದ ಹೆರಿಂಗೇ ಇದಕ್ಕಿಂತ ವಾಸಿ ಇತ್ತೇನೋ."

"ಸುಮ್ನೆ ತಿನ್ನು. ಖುಷಿಯಾಗಿ ತಿನ್ನು. ಮಗು ನೋಡ್ತಿದೆ" ಎಂದು ಇಂಗ್ವಿಲ್ ಗಂಡನನ್ನು ಗದರಿಕೊಂಡಳು.

ಇಂಗ್ವಿಲ್ ಹೊರಡುವ ದಿನಕ್ಕೆ ಮೊದಲಿನ ಶನಿವಾರ ಅಡುಗೆಯ ಹಬ್ಬ. ಹಾಲ್ವರ್ ಬೆಳಗ್ಗೆಯೇ ಕಾಡ್ ಮೀನು ಹಿಡಿದು ತಂದ. ಅದೇ ಹೆರಿಂಗಿನ ಗಾಳಕ್ಕೆ ಸಿಕ್ಕಿದ್ದೆಂದು ಎರಡೆರಡು ಸಲ ಹೇಳಿದ. ಮೀನನ್ನು ಕೊಚ್ಚಿ, ಬೇಯಿಸಿದ ಆಲೂಗಡ್ಡೆಯೊಂದಿಗೆ ಕಲಸಿ, ಬೆರಳುದ್ದದ ವಡೆಗಳನ್ನು ಮಾಡಿದರು. ಮಗುವಿನ ಮುಷ್ಟಿಯಲ್ಲಿ ಹಿಡಿದರೆ ಕಚ್ಚಲು ಒಂದು ತುದಿ ಹೊರಗೆ ಉಳಿಯಬೇಕು, ಅದು ಇಂಗ್ವಿಲ್‌ಳ ಲೆಕ್ಕಾಚಾರ. ಒಂದಕ್ಕೊಂದು ತಾಗದ ಹಾಗೆ ತಟ್ಟೆಯಲ್ಲಿ ಹರಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರು. ಆಗ ಹಾಲ್ವರ್ ಬೇಕಾದಷ್ಟನ್ನೇ ಬಿಡಿಯಾಗಿ ತೆಗೆಯಬಹುದು. ಬೇಯಿಸಿದ ಹಳದಿ ಟರ್ನಿಪ್ ಗೆಡ್ಡೆಯ ಮೆತ್ತನೆಯ ತುಂಡುಗಳು, ಪುಟ್ಟ ಮಾಂಸದುಂಡೆಗಳು, ಎಲ್ಲವೂ ಮೂವರಿಗೆ ಸಾಲುವಷ್ಟು. ಬೋರ್ಗಿಲ್ಡ್‌ಳ ಕ್ಯಾರೆಟ್ ಬಿಲ್ಲೆಗಳನ್ನೂ ಬಿಸಾಡಲಿಲ್ಲ, ಮಾಂಸದುಂಡೆಯ ಸಾರಿಗೆ ಕರಗಿಸಿಬಿಟ್ಟರು.

ಕೊನೆಗೆ ಸ್ವೆಲೆ. ಓಡ್ನಿಯ ಹಂಚನ್ನು ಸ್ವೇನುಂಗ್ ಬೋರ್ಗಿಲ್ಡ್‌ಗೇ ಬಿಟ್ಟುಹೋಗಿದ್ದ. ಸಕ್ಕರೆಗೆ ಬದಲು ಕಳಿತ ಬಾಳೆಹಣ್ಣು ಕಿವುಚಿ, ಓಟ್ಸ್ ಹಿಟ್ಟು, ಮೊಟ್ಟೆ, ಹಾಲು ಹಾಕಿ ಕಲಸಿದರು. ಹಂಚಿನ ಮುಂದೆ ನಿಂತಾಗ ಬೋರ್ಗಿಲ್ಡ್‌ಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಸ್ವೆಲೆ ತಿಂದವಳು ಒಂದನ್ನೂ ಮಗುಚಿ ಹಾಕಿರಲಿಲ್ಲ. ಮೊದಲನೆಯದು ಹರಿಯಿತು, ಎರಡನೆಯದು ಸೀದಿತು.

"ಓಡ್ನಿ ಅವಸರ ಮಾಡ್ತಿರ್ಲಿಲ್ಲ" ಎಂದಳು ಇಂಗ್ವಿಲ್. "ನಾನು ಚಿಕ್ಕೋಳಿದ್ದಾಗ ಕೌಂಟರಿಗೆ ಗಲ್ಲ ಆನಿಸಿ ನೋಡ್ತಿದ್ದೆ. ಮೇಲೆಲ್ಲಾ ಗುಳ್ಳೆ ಎದ್ದು ಒಡೆಯೋವರೆಗೂ ಮುಟ್ತಾನೇ ಇರ್ಲಿಲ್ಲ. ಯಾರಾದ್ರೂ ಬೇಗ ಕೊಡು ಅಂದ್ರೆ, ಈಜ್ಕೊಂಡು ಹೋಗ್ರಿ ಅಂತಿದ್ಲು."

ಬೋರ್ಗಿಲ್ಡ್ ಕಾದಳು. ಗುಳ್ಳೆಗಳು ಎದ್ದವು, ಒಂದೊಂದಾಗಿ ಒಡೆದವು. ಮೂರನೆಯದು ದುಂಡಗೆ, ಹೊಂಬಣ್ಣಕ್ಕೆ ತಿರುಗಿ ಮಗುಚಿ ಬಿತ್ತು. ಅವಳಿಗೆ ಕಣ್ಣು ಮಂಜಾಯಿತು, ಹೊಗೆಯ ನೆಪ ಹೇಳಿದಳು. ಡಬ್ಬಿಗಳ ಮೇಲೆಲ್ಲ ತಾನೇ ದಪ್ಪ ಅಕ್ಷರದಲ್ಲಿ ಹೆಸರು ಬರೆದಳು.

"ಓಡ್ನಿ ನೋಡಿದ್ರೆ ನಗ್ತಿದ್ಲು" ಎಂದ ಹಾಲ್ವರ್.

"ನಗ್ಲಿ" ಎಂದಳು ಬೋರ್ಗಿಲ್ಡ್.

ಸೋಮವಾರ ಇಂಗ್ವಿಲ್ ಬೆಳಗಿನ ಫೆರಿ ಹತ್ತಬೇಕಿತ್ತು. ಇಳಿದು ಕ್ರಿಸ್ತಿಯಾನ್‌ಸುಂಡ್ ಪಟ್ಟಣಕ್ಕೆ, ಅಲ್ಲಿಂದ ಹೆಲಿಕಾಪ್ಟರ್. ಧಕ್ಕೆಯಲ್ಲಿ ನಿಂತು ಮಗುವಿನ ಟೋಪಿಯನ್ನು ಮತ್ತೆ ಮತ್ತೆ ಸರಿಮಾಡಿದಳು.

"ನಾನಿಲ್ಲ ಅಂತ ಇವತ್ತು ತಿನ್ನಲಿಲ್ಲ ಅಂದ್ರೆ?"

"ಫೋನ್ ಮಾಡ್ತೀನಿ" ಎಂದ ಹಾಲ್ವರ್.

"ಫೋನ್ ಮಾಡಿ ಏನು? ಸಮುದ್ರದ ಮಧ್ಯೆಯಿಂದ ನಡ್ಕೊಂಡು ಬರ್ಲಾ?"

"ಹೋಗು ಇಂಗ್ವಿಲ್" ಎಂದಳು ಬೋರ್ಗಿಲ್ಡ್. "ಮೇಜಿಗೆ ನಾನು ಬಂದೇ ಬರ್ತೀನಿ."

ಫೆರಿ ವಾಹನ ಹತ್ತಿಸಿಕೊಳ್ಳುವ ತನ್ನ ದೊಡ್ಡ ಬಾಗಿಲನ್ನು ಬಾಯಿಯಂತೆ ಮುಚ್ಚಿಕೊಂಡು ಹೊರಟಿತು. ಮನೆಗೆ ಬಂದು ಹಾಲ್ವರ್ ಫ್ರೀಜರಿನಿಂದ ಮೀನಿನ ವಡೆ ತೆಗೆದ. ಓಡ್ನಿಯ ಡಬ್ಬಿಗಳಲ್ಲಿ ಒಂದೇ ಒಂದು ಉಳಿದಿತ್ತು, ತಳದಲ್ಲಿ ಮಂಜುಗಟ್ಟಿ ಅಂಟಿಕೊಂಡಿದ್ದದ್ದು. ಗೆಡ್ಡೆಯ ಸಾರಿರಬೇಕು ಎಂದು ಮಾತಾಡಿಕೊಂಡು, ಅದನ್ನೂ ಒಲೆಯ ಪಕ್ಕ ಕರಗಲು ಇಟ್ಟರು.

ಮಧ್ಯಾಹ್ನ ಸುನ್ನಿವಾ ಮೇಜಿಗೆ ಬಂದ ಕೂಡಲೇ ಅಮ್ಮನ ಖಾಲಿ ಕುರ್ಚಿ ನೋಡಿದಳು. ಬಾಗಿಲ ಕಡೆ ನೋಡಿದಳು. ತುಟಿ ಬಿಗಿದಳು. ಹಾಲ್ವರ್ ತನ್ನ ತಟ್ಟೆಯನ್ನು ಹತ್ತಿರ ತಳ್ಳಿದ. ಅವಳು ಮುಖ ತಿರುಗಿಸಿದಳು. ಅವನು ಖುಷಿಯಾಗಿ ಜಗಿದು ತೋರಿಸಿದ. ಅವಳು ಅಳಲು ಶುರು ಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ಕಿವಿ ಹರಿಯುವಂತೆ. ಎತ್ತಿಕೊಂಡು ಕಿಟಕಿಯವರೆಗೆ ಅಡ್ಡಾಡಿಸಿ ತಂದು ಕೂರಿಸಿದರೂ ಬಿಕ್ಕುವುದು ನಿಲ್ಲಲಿಲ್ಲ. ಹಾಲ್ವರ್‌ನ ಕೈ ಫೋನಿನ ಕಡೆ ಹೋಯಿತು.

"ಈಗಲೇ ಬೇಡ" ಎಂದಳು ಬೋರ್ಗಿಲ್ಡ್. "ಮಗೂನ ನೋಡ್ತಾ ಕೂರೋದು ಬೇಡ. ಊಟ ಮಾಡೋಣ. ಆ ಸಾರಾದ್ರೂ ಬಿಸಿ ಮಾಡ್ತೀನಿ."

ಒಲೆಯ ಪಕ್ಕದ ಡಬ್ಬಿಯನ್ನು ಒರೆಸಿ ಮುಚ್ಚಳಕ್ಕೆ ಕೈಹಾಕಿದರೆ ಅದು ಬರಲಿಲ್ಲ. ಮಂಜು ಕರಗಿದ ಅಂಚಿನಲ್ಲಿ, ಅಂಗಡಿಯಲ್ಲಿ ಕೊಂಡಾಗ ಇರುವ ಪ್ಲಾಸ್ಟಿಕ್ ಪಟ್ಟಿ ಹರಿಯದೆ ಹಾಗೇ ಇತ್ತು. ಅವಳು ಅದನ್ನು ಕಿತ್ತು ಮುಚ್ಚಳ ತೆಗೆದಳು. ಒಳಗೆ ತಿಳಿ ಹಳದಿಯ ನೊರೆನೊರೆ ಕೊಳ. ವೆನಿಲ್ಲಾದ ವಾಸನೆ ಅಡುಗೆಮನೆ ತುಂಬಿತು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಏನದು?" ಎಂದ ಹಾಲ್ವರ್.

"ಐಸ್‌ಕ್ರೀಮ್."

"ಯಾವ ಐಸ್‌ಕ್ರೀಮ್?"

"ಐಸ್‌ಕ್ರೀಮ್ ಡಬ್ಬೀಲಿ ಇರತ್ತಲ್ಲ, ಆ ಐಸ್‌ಕ್ರೀಮ್" ಎಂದು ಹೇಳುವಷ್ಟರಲ್ಲಿ ಅವಳಿಗೆ ಹೊಟ್ಟೆಯ ತಳದಿಂದ ನಗು ಎದ್ದಿತು. ಕುರ್ಚಿಗೆ ಕುಸಿದು ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಕೊನೆಗೂ ತಂದಿದ್ಲು ಹಾಲ್ವರ್. ನನ್ನ ಹುಟ್ಟುಹಬ್ಬಕ್ಕೇ ಅಂತ ಮೊದ್ಲೇ ತಂದಿಟ್ಟಿದ್ಲು. ನಾವು ಒಲೆ ಪಕ್ಕ ಇಟ್ಟು ಸಾರು ಮಾಡಿದ್ವಿ." ಹಾಲ್ವರ್ ಡಬ್ಬಿಯೊಳಗೆ ಇಣುಕಿ ನೋಡಿ, ಅವಳ ಮುಖ ನೋಡಿ, ತಾನೂ ಮೇಜು ಬಡಿದು ನಗಲಾರಂಭಿಸಿದ.

ಸುನ್ನಿವಾ ಬಿಕ್ಕುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಅವಳ ಬಾಯಿಯೂ ಅಗಲವಾಯಿತು. ಆಮೇಲೆ ಮುಂದಕ್ಕೆ ಬಾಗಿ, ಬೋರ್ಗಿಲ್ಡ್‌ಳ ತಟ್ಟೆಯಿಂದ ಒಂದು ಮೀನಿನ ವಡೆಯನ್ನು ಎತ್ತಿಕೊಂಡಳು. ಕಚ್ಚಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕಿದಾಗ ಬೋರ್ಗಿಲ್ಡ್ ಮೆಲ್ಲನೆ ತಟ್ಟೆಯನ್ನು ಅತ್ತ ಸರಿಸಿದಳು.

ಸಂಜೆ ಇಂಗ್ವಿಲ್‌ಳ ಫೋನ್ ಬಂತು. ಹಿಂದೆ ಗಾಳಿಯದೋ ಯಂತ್ರದ್ದೋ ಸದ್ದು.

"ತಿಂದ್ಲಾ?"

"ಬೋರ್ಗಿಲ್ಡ್ ಊಟಾನೆಲ್ಲ ಅವ್ಳೇ ತಿಂದ್ಲು" ಎಂದ ಹಾಲ್ವರ್. "ಒಂದೂವರೆ ವಡೆ, ಒಂದು ಹೋಳು ಗೆಡ್ಡೆ. ಬೋರ್ಗಿಲ್ಡ್ ಉಪವಾಸ."

ಅತ್ತ ಕಡೆಯಿಂದ ಮೂಗೆಳೆದುಕೊಂಡ ಸದ್ದು. "ನಿಜ ಹೇಳ್ತಿದೀಯಾ?"

"ನಿಜ. ನೀನು ಅಲ್ಲೇ ಇರು, ಯಂತ್ರ ನೋಡ್ಕೋ."

"ಬೇರೇನಾದ್ರೂ ಕೊಟ್ರಾ?"

ಹಾಲ್ವರ್ ಮೇಜಿನ ಆಚೆಗೆ ನೋಡಿದ. ಬೋರ್ಗಿಲ್ಡ್ ಸುನ್ನಿವಾಳ ಗಲ್ಲಕ್ಕೆ ಹತ್ತಿದ್ದ ಹಳದಿ ನೊರೆಯ ಚುಕ್ಕೆಯನ್ನು ಬೆರಳಿನಿಂದ ಒರೆಸಿ, ಹೇಳಬೇಡವೆಂದು ತಲೆಯಲ್ಲಾಡಿಸಿದಳು.

"ಇಲ್ಲ" ಎಂದ ಅವನು. "ಇನ್ನೇನು ಕೊಡ್ತೀವಿ?"

ಬೋರ್ಗಿಲ್ಡ್ ಎದ್ದು ಆ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮಿಕ್ಕಿದ್ದ ಸ್ವೆಲೆಗಳನ್ನು ಅದರಲ್ಲಿ ಜೋಡಿಸಿದಳು. ಪೆನ್ನು ಅಲ್ಲೇ ಕಿಟಕಿಯ ಹತ್ತಿರವಿತ್ತು. ಅದನ್ನು ಮುಟ್ಟದೆ ಮುಚ್ಚಳ ಒತ್ತಿ, ಡಬ್ಬಿಯನ್ನು ಫ್ರೀಜರಿಗಿಟ್ಟಳು.

"ನಾಳೆ ಎಷ್ಟೊತ್ತಿಗೆ ಊಟ?" ಎಂದು ಕೇಳಿದಳು, ಕೋಟು ಹಾಕಿಕೊಳ್ಳುತ್ತ.